ಸಾಬೂನಿನ ನೀರು ಮಂದವಾಗುವುದು ಹೇಗೆ?

ಪಾತ್ರೆ ತೊಳೆಯುವ ದ್ರವವನ್ನು ಮನೆಯಲ್ಲೇ ತಯಾರಿಸಿ ಮಾರುವ ಸ್ವಸಹಾಯ ಸಂಘಗಳು ಈಗ ನಮ್ಮ ಊರುಗಳಲ್ಲಿ ಸಾಕಷ್ಟಿವೆ. ಅಂಥ ಒಂದು ಮನೆಯ ಹಿತ್ತಲಲ್ಲಿ ನಾನು ಕಣ್ಣಾರೆ ಕಂಡದ್ದಿದು. ನೀಲಿ ಡ್ರಮ್ಮಿನ ನೀರಿಗೆ ಎಸ್‌ಎಲ್‌ಇಎಸ್ ಎಂಬ ಬಿಳಿ ಪೇಸ್ಟನ್ನು ಹಾಕಿ ಕೋಲಿನಿಂದ ತಿರುವಿ ಕರಗಿಸಿದರು. ದ್ರವ ಇನ್ನೂ ನೀರಿನಷ್ಟೇ ತೆಳುವಾಗಿತ್ತು. ಆಮೇಲೆ ಅಡುಗೆ ಉಪ್ಪು ಕರಗಿಸಿದ ನೀರನ್ನು ಸೌಟಿನಲ್ಲಿ ಒಂದೊಂದಾಗಿ ಸುರಿಯತೊಡಗಿದರು. ಮೊದಲ ಎರಡು ಸೌಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಕೋಲು ತುಸು ಭಾರವಾಯಿತು. ನಾಲ್ಕನೆಯದಕ್ಕೆ ದ್ರವ ಜೇನಿನಂತೆ ಎಳೆಯಾಗಿ ಇಳಿಯಿತು. "ಇನ್ನೊಂದು ಸೌಟು ಹಾಕ್ಲಾ ಅಕ್ಕಾ?" ಎಂದು ಹುಡುಗಿ ಕೇಳಿದಳು. "ಬೇಡ ಕಣೇ, ಮತ್ತೆ ನೀರಾಗ್ಬಿಡುತ್ತೆ. ಹೋದ ಸಲ ಹಾಗೇ ಆಯ್ತಲ್ಲ" ಎಂದರು ಹಿರಿಯಾಕೆ.

ಉಪ್ಪು ಹಾಕಿದರೆ ದ್ರವ ಗಟ್ಟಿಯಾಗುವುದೇಕೆ? ಇನ್ನಷ್ಟು ಹಾಕಿದರೆ ಮತ್ತೆ ತೆಳುವಾಗುವುದೇಕೆ? ಮೊದಲ ಪ್ರಶ್ನೆಗೆ ವಿಜ್ಞಾನದಲ್ಲಿ ಒಳ್ಳೆಯ ಉತ್ತರವಿದೆ. ಎರಡನೆಯದರ ಬಗ್ಗೆ ಮೂವತ್ತು ವರ್ಷಗಳಿಂದ ವಾದ ನಡೆದಿದೆ. ಎರಡರ ಹಿಂದೆಯೂ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ: ಒಂದು ಅಣುವಿನ ರಚನೆಯನ್ನು ಕಾಗದದ ಮೇಲೆ ಬರೆದುಕೊಟ್ಟರೆ, ಅದು ಕರಗಿದ ನೀರು ಹೇಗೆ ಹರಿಯುತ್ತದೆಂದು ಮುಂಚಿತವಾಗಿ ಹೇಳಬಹುದೇ?

ಎರಡು ಸ್ವಭಾವದ ಅಣು

ಸಾಬೂನು, ಡಿಟರ್ಜೆಂಟ್, ಶಾಂಪೂ, ಅಂಟುವಾಳದ ನೊರೆ, ಎಲ್ಲದರಲ್ಲೂ ಕೆಲಸ ಮಾಡುವುದು ಒಂದೇ ಬಗೆಯ ಅಣು. ಅದಕ್ಕೆ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಅದರ ತಲೆಗೆ ನೀರು ಬೇಕು, ಎಣ್ಣೆಯ ಜಾತಿಯ ಬಾಲಕ್ಕೆ ನೀರು ಬೇಡ. ನೀರಿನಲ್ಲಿ ಇಂಥ ಅಣುಗಳು ಕಡಿಮೆಯಿದ್ದಾಗ ಒಂಟಿಯಾಗಿ ಅಲೆಯುತ್ತವೆ, ಇಲ್ಲವೇ ಮೇಲ್ಮೈಗೆ ಬಂದು ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಸಾಂದ್ರತೆ ಒಂದು ಹೊಸ್ತಿಲನ್ನು ದಾಟಿದ ಕೂಡಲೇ ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಗುಂಪು ಕೂಡುತ್ತವೆ. ಆ ಗುಂಪೇ ಮೈಸೆಲ್.

ಹೊಸ್ತಿಲು ಎಲ್ಲಿದೆಯೆಂಬುದು ಅಣುವಿನ ರಚನೆಗೆ ಅಚ್ಚುಕಟ್ಟಾಗಿ ಬದ್ಧವಾಗಿದೆ. ಹನ್ನೆರಡು ಕಾರ್ಬನ್ನಿನ ಬಾಲವಿರುವ ಸೋಡಿಯಂ ಡೊಡೆಸಿಲ್ ಸಲ್ಫೇಟ್‌ಗೆ ಅದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8 ಮಿಲಿಮೋಲಾರ್. ಒಂದು ಗುಂಪಿನಲ್ಲಿ ಅರವತ್ತರ ಆಸುಪಾಸಿನ ಅಣುಗಳಿರುತ್ತವೆ. ವಿದ್ಯುದಾವೇಶವಿರುವ ತಲೆಯ ಅಣುಗಳಲ್ಲಿ ಬಾಲಕ್ಕೆ ಒಂದು ಕಾರ್ಬನ್ ಸೇರಿದರೆ ಹೊಸ್ತಿಲು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಆವೇಶವಿಲ್ಲದವುಗಳಲ್ಲಿ ಎರಡು ಕಾರ್ಬನ್ ಸೇರಿದರೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಬಾಲ ಕವಲೊಡೆದರೆ ಹೊಸ್ತಿಲು ಮೇಲೇರುತ್ತದೆ. ಈ ಭಾಗದಲ್ಲಿ ಹೆಚ್ಚು ತಕರಾರಿಲ್ಲ. ತಕರಾರು ಶುರುವಾದದ್ದು ಗುಂಪಿನ ಆಕಾರದ ವಿಚಾರದಲ್ಲಿ.

ಗೋಳವೋ, ಹಾಳೆಯೋ

1913ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜೇಮ್ಸ್ ವಿಲಿಯಂ ಮೆಕ್‌ಬೇನ್ ಒಂದು ವಿಚಿತ್ರವನ್ನು ಮುಂದಿಟ್ಟರು. ಸಾಬೂನಿನ ದ್ರಾವಣ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಅಂದರೆ ಅದರಲ್ಲಿ ಅಯಾನುಗಳು ಬೇಕಾದಷ್ಟಿವೆ. ಆದರೆ ಕಣಗಳ ಸಂಖ್ಯೆಯನ್ನು ಅವಲಂಬಿಸಿದ ಪರಾಸರಣ ಒತ್ತಡದಂಥ ಅಳತೆಗಳಲ್ಲಿ ಕಣಗಳು ತೀರಾ ಕಡಿಮೆಯೆಂದು ತೋರುತ್ತದೆ. ಅಯಾನುಗಳು ಗುಂಪು ಕೂಡಿ ಒಂದೇ ಕಣದಂತೆ ನಡೆಯುತ್ತಿವೆ ಎಂದು ಅವರು ಅರ್ಥ ಮಾಡಿದರು. ಒಂದೇ ಬಗೆಯ ಆವೇಶದ ಅಯಾನುಗಳು ಒಟ್ಟಿಗೆ ಸೇರುತ್ತವೆಂಬ ಮಾತು ಆ ಕಾಲಕ್ಕೆ ನಂಬಲಾಗದ್ದು. ಲಂಡನ್ನಿನ ಸಭೆಯೊಂದರಲ್ಲಿ ಅಧ್ಯಕ್ಷರು ಅದನ್ನು ಅಸಂಬದ್ಧವೆಂದು ತಳ್ಳಿಹಾಕಿದರೆಂದು ಈ ಕ್ಷೇತ್ರದವರು ಇಂದಿಗೂ ಹೇಳುತ್ತಾರೆ. ಇದೇ ಮೆಕ್‌ಬೇನ್ ಮುಂದೆ ಇಳಿವಯಸ್ಸಿನಲ್ಲಿ ಭಾರತಕ್ಕೆ ಬಂದು, 1950ರಲ್ಲಿ ಉದ್ಘಾಟನೆಯಾದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಮೈಸೆಲ್ ಎಂಬ ಕಲ್ಪನೆಯನ್ನು ಕಟ್ಟಿದವರಿಗೂ ನಮ್ಮ ದೇಶದ ರಸಾಯನಶಾಸ್ತ್ರಕ್ಕೂ ಇರುವ ಈ ನಂಟನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮೆಕ್‌ಬೇನ್ ಕಲ್ಪನೆಯಲ್ಲಿ ಎರಡು ಬಗೆಯ ಗುಂಪುಗಳಿದ್ದವು: ಆವೇಶ ಹೊತ್ತ ಪುಟ್ಟ ಗುಂಪು ಮತ್ತು ಪದರದಂತೆ ಹರಡಿದ ದೊಡ್ಡ ಗುಂಪು. ಜಿ. ಎಸ್. ಹಾರ್ಟ್ಲಿ 1936ರ ತಮ್ಮ ಪುಸ್ತಕದಲ್ಲಿ ಒಂದೇ ಸಾಕು ಎಂದರು: ದ್ರವದಂಥ ಒಳಭಾಗವಿರುವ ಗೋಳ. ಈ ಜಗಳ ಹತ್ತಾರು ವರ್ಷ ನಡೆಯಿತು. ತೆಳು ದ್ರಾವಣಗಳ ಮಟ್ಟಿಗೆ ಹಾರ್ಟ್ಲಿ ಗೆದ್ದರು. ಆದರೆ 1951ರಲ್ಲಿ ಡಿಬೈ ಮತ್ತು ಅನಾಕರ್ ಬೆಳಕನ್ನು ಚದುರಿಸಿ ನೋಡಿದಾಗ ಮೂರನೆಯ ಆಕಾರ ಕಂಡಿತು. ಸಿಟಿಎಬಿ ಎಂಬ ಹದಿನಾರು ಕಾರ್ಬನ್ನಿನ ಸರ್ಫ್ಯಾಕ್ಟಂಟ್‌ಗೆ ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿದರೆ ಮೈಸೆಲ್‌ಗಳು ಕಡ್ಡಿಯಂತೆ ಉದ್ದವಾಗಿದ್ದವು. ಹಿತ್ತಲಿನ ಡ್ರಮ್ಮಿನ ಕಥೆಗೆ ಬೇಕಾದ ಆಕಾರ ಇದೇ.

ಜ್ಯಾಮಿತಿಯ ಪಂಥ, ಅದರ ಮೇಲಿನ ಆಕ್ಷೇಪ

ಯಾವ ಅಣು ಗೋಳವಾಗುತ್ತದೆ, ಯಾವುದು ಕಡ್ಡಿಯಾಗುತ್ತದೆ? 1976ರಲ್ಲಿ ಇಸ್ರೇಲಾಶ್ವಿಲಿ, ಮಿಚೆಲ್, ನಿನ್‌ಹ್ಯಾಮ್ ಮೂವರೂ ಕೊಟ್ಟ ಉತ್ತರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಮೊದಲು ಬರುತ್ತದೆ. ಬಾಲದ ಘನಗಾತ್ರವನ್ನು ತಲೆ ಆಕ್ರಮಿಸುವ ವಿಸ್ತೀರ್ಣದಿಂದಲೂ ಬಾಲದ ಉದ್ದದಿಂದಲೂ ಭಾಗಿಸಿ. ಬಂದ ಸಂಖ್ಯೆ ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಅಣು ಕಡಲೆಕಾಯಿ ಪೊಟ್ಟಣದ ಆಕಾರದ್ದು. ಚೂಪು ತುದಿಗಳನ್ನು ಒಳಗಿಟ್ಟು ಜೋಡಿಸಿದರೆ ಗೋಳವಾಗುತ್ತದೆ. ಮೂರನೇ ಒಂದರಿಂದ ಅರ್ಧದವರೆಗೆ ಕಡ್ಡಿ. ಅರ್ಧದಿಂದ ಒಂದರವರೆಗೆ ಅಣು ಇಟ್ಟಿಗೆಯಂತಾಗಿ ಹಾಳೆ. ಒಂದನ್ನು ಮೀರಿದರೆ ಒಳಹೊರಗು ತಿರುಗಿದ ರಚನೆ. ಎರಡು ಬಾಲಗಳಿರುವ ಕೊಬ್ಬಿನ ಅಣುಗಳು ಜೀವಕೋಶದ ಪೊರೆಯಾಗುವುದೇಕೆಂದು ಇದು ಒಂದೇ ಉಸಿರಿಗೆ ವಿವರಿಸುತ್ತದೆ.

ಉಪ್ಪಿನ ಮೊದಲ ಪರಿಣಾಮವೂ ಇಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಎಸ್‌ಎಲ್‌ಇಎಸ್ ತಲೆಗಳೆಲ್ಲ ಋಣಾವೇಶದವು. ಒಂದನ್ನೊಂದು ದೂಡುತ್ತವೆ, ಜಾಗ ಹೆಚ್ಚು ಬೇಡುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು ನಡುವೆ ಬಂದು ಆ ದೂಡಾಟವನ್ನು ತಗ್ಗಿಸುತ್ತವೆ. ತಲೆಗಳು ಹತ್ತಿರವಾದಂತೆ ಪೊಟ್ಟಣ ಕಡಿಮೆ ಚೂಪಾಗುತ್ತದೆ, ಗೋಳ ಕಡ್ಡಿಯಾಗುತ್ತದೆ. ಕಡ್ಡಿಯ ನಡುಭಾಗದಲ್ಲಿ ಅಣುಗಳು ಹಾಯಾಗಿವೆ. ಎರಡು ತುದಿಗಳ ಅರೆಗೋಳಗಳಲ್ಲಿ ಇಕ್ಕಟ್ಟಿನಲ್ಲಿವೆ. ತುದಿಗಳನ್ನು ಕಡಿಮೆ ಮಾಡುವುದೇ ಲಾಭ, ಆದ್ದರಿಂದ ಕಡ್ಡಿಗಳು ಒಂದಕ್ಕೊಂದು ಕೂಡಿ ಉದ್ದವಾಗುತ್ತವೆ. ಇಲ್ಲಿ ಗಮನಿಸಬೇಕಾದ್ದು ಲೆಕ್ಕದ ಸ್ವರೂಪ. ತುದಿಯ ವೆಚ್ಚ ತುಸು ಏರಿದರೂ ಉದ್ದ ಘಾತೀಯವಾಗಿ ಏರುತ್ತದೆ. ಎರಡು ಸೌಟಿಗೆ ಸುಮ್ಮನಿದ್ದ ಡ್ರಮ್ಮು ನಾಲ್ಕನೆಯದಕ್ಕೆ ಏಕಾಏಕಿ ಜೇನಾದದ್ದು ಅದರಿಂದಲೇ.

ಇಷ್ಟು ಸೊಗಸಾದ ಲೆಕ್ಕಕ್ಕೆ ಆಕ್ಷೇಪವೇನು? ಆರ್. ನಾಗರಾಜನ್ 2002ರಲ್ಲಿ ಅದನ್ನು ನೇರವಾಗಿ ಎತ್ತಿದರು. ಭಾಗಿಸುವಾಗ ನಾವು ಬಳಸುವ 'ತಲೆಯ ವಿಸ್ತೀರ್ಣ' ತಲೆಯ ಸ್ವಂತ ಅಳತೆಯಲ್ಲ. ಅದು ಒಂದು ರಾಜಿ: ಬಾಲವನ್ನು ನೀರಿನಿಂದ ಮರೆಸುವ ಒತ್ತಾಯ ಒಂದು ಕಡೆ, ತಲೆಗಳ ದೂಡಾಟ ಇನ್ನೊಂದು ಕಡೆ. ಬಾಲದ ಉದ್ದ ಮತ್ತು ಒಳಗಿನ ಇಕ್ಕಟ್ಟು ಕೂಡ ಆ ರಾಜಿಯಲ್ಲಿ ಪಾಲ್ಗೊಳ್ಳುತ್ತವೆ. ಹಾಗಾಗಿ ಆಕಾರವನ್ನು ಮೊದಲು ತಿಳಿದವರಿಗೆ ಆ ಸಂಖ್ಯೆ ಚೆನ್ನಾಗಿ ಹೊಂದುತ್ತದೆ. ಅಣುವನ್ನು ಮಾತ್ರ ತಿಳಿದವರಿಗೆ ಅಷ್ಟು ನೆರವಾಗುವುದಿಲ್ಲ. ಚಾರ್ಲ್ಸ್ ಟ್ಯಾನ್‌ಫರ್ಡ್ ಎಪ್ಪತ್ತರ ದಶಕದಲ್ಲಿ ಹಾಕಿಕೊಟ್ಟ ಶಕ್ತಿಯ ಲೆಕ್ಕಾಚಾರದ ದಾರಿಗೇ ಮರಳಬೇಕು ಎಂಬುದು ಈ ಪಂಥದ ವಾದ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಪೊಟ್ಟಣದ ಚಿತ್ರ ತರಗತಿಯಲ್ಲಿ ಬೇಕೇ ಬೇಕು, ಆದರೆ ಅದನ್ನೇ ನಂಬಿ ಹೊಸ ಅಣು ಕಟ್ಟಲು ಹೊರಟವರು ದಾರಿ ತಪ್ಪುತ್ತಾರೆ.

ಪಕ್ಕದಲ್ಲಿ ನಿಲ್ಲುವ ಅಯಾನು

ದಾರಿ ತಪ್ಪಿಸುವ ಮೊದಲ ಸಂಗತಿಯೆಂದರೆ ಅಣುವಿನ ಜೊತೆಗಾರ ಅಯಾನು. ಹದಿನಾರು ಕಾರ್ಬನ್ನಿನ ಅದೇ ಧನಾವೇಶದ ಸರ್ಫ್ಯಾಕ್ಟಂಟನ್ನು ತೆಗೆದುಕೊಳ್ಳೋಣ. ಜೊತೆಗಾರ ಕ್ಲೋರೈಡ್ ಆಗಿದ್ದರೆ ಕಡ್ಡಿಯಾಗಲು ಒಂದು ಮೋಲಾರ್‌ಗೂ ಮೀರಿ ಸೋಡಿಯಂ ಕ್ಲೋರೈಡ್ ಬೇಕು. ಬ್ರೋಮೈಡ್ ಆಗಿದ್ದರೆ ಸೋಡಿಯಂ ಬ್ರೋಮೈಡ್ ಅದರ ಹತ್ತನೇ ಒಂದು ಭಾಗವೂ ಬೇಡ. ಸ್ಯಾಲಿಸಿಲೇಟ್ ಆದರೆ ಇನ್ನೂ ತೀರಾ ಕಡಿಮೆ ಸಾಕು. ಸರ್ಫ್ಯಾಕ್ಟಂಟ್‌ನಷ್ಟೇ ಸಂಖ್ಯೆಯಲ್ಲಿ ಬೆರೆಸಿದರೆ ನೀರು ಲೋಳೆಯಾಗಿಬಿಡುತ್ತದೆ.

ಗ್ರಾವ್‌ಶೋಲ್ಟ್ 1976ರಲ್ಲಿ ತೋರಿಸಿದ ಒಂದು ವಿವರ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಸ್ಯಾಲಿಸಿಲೇಟ್ ಅಯಾನಿನಲ್ಲಿ ಬೆಂಜೀನ್ ಉಂಗುರದ ಮೇಲೆ ಎರಡು ಗುಂಪುಗಳು ಅಕ್ಕಪಕ್ಕದಲ್ಲಿವೆ. ಅದೇ ಎರಡು ಗುಂಪುಗಳನ್ನು ಒಂದು ಮನೆ ದೂರಕ್ಕೋ ಎದುರುಬದುರಿಗೋ ಇಟ್ಟ ಅಯಾನನ್ನು ಬೆರೆಸಿದರೆ ದ್ರವ ಲೋಳೆಯಾಗುವುದಿಲ್ಲ. ಅಣುಸೂತ್ರ ಒಂದೇ, ಆವೇಶ ಒಂದೇ, ಬದಲಾದದ್ದು ಜಾಗ ಮಾತ್ರ. ಗುಂಪುಗಳು ಅಕ್ಕಪಕ್ಕದಲ್ಲಿದ್ದಾಗ ಉಂಗುರ ತನ್ನ ಎಣ್ಣೆಯ ಮೈಯನ್ನು ಮೈಸೆಲ್ಲಿನೊಳಗೆ ಹುದುಗಿಸಿ, ನೀರು ಬಯಸುವ ಬದಿಯನ್ನು ಹೊರಗೆ ಚಾಚಿ, ತಲೆಗಳ ನಡುವೆ ಬೆಣೆಯಂತೆ ಕೂರುತ್ತದೆ. ಎದುರುಬದುರಾದಾಗ ಹಾಗೆ ಕೂರಲು ಆಗುವುದಿಲ್ಲ. 'ಸರ್ಫ್ಯಾಕ್ಟಂಟಿನ ರಚನೆ' ಎನ್ನುವಾಗ ಅದರ ಜೊತೆಗಾರನನ್ನೂ ಸೇರಿಸಿಯೇ ಮಾತಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಪಿ. ಎ. ಹಸನ್ ಅವರು ಆವೇಶವನ್ನು ತಿರುಗುಮುರುಗು ಮಾಡಿ, ಋಣಾವೇಶದ ಡೊಡೆಸಿಲ್ ಸಲ್ಫೇಟ್‌ಗೆ ಉಂಗುರವುಳ್ಳ ಧನ ಅಯಾನಿನ ಉಪ್ಪನ್ನು ಬೆರೆಸಿ ಇಂಥದೇ ಬೆಳವಣಿಗೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಒಡೆದು ಕೂಡುವ ಶಾವಿಗೆ

ಉದ್ದವಾದ ಮೈಸೆಲ್ ಕಡ್ಡಿಯಾಗಿ ಉಳಿಯುವುದಿಲ್ಲ. ನಾಲ್ಕೈದು ನ್ಯಾನೋಮೀಟರ್ ದಪ್ಪಕ್ಕೆ ಮೈಕ್ರೋಮೀಟರ್‌ಗಟ್ಟಲೆ ಉದ್ದವಾದಾಗ ಒತ್ತು ಶಾವಿಗೆಯಂತೆ ಬಳುಕಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಸ್ನಿಗ್ಧತೆ ನೀರಿನ ಸಾವಿರಾರು ಪಟ್ಟು, ಕೆಲವೊಮ್ಮೆ ಲಕ್ಷ ಪಟ್ಟು ಏರುತ್ತದೆ. ಇಂಥ ದ್ರವವನ್ನು ಬೀಕರಿನಲ್ಲಿ ಗರಗರ ತಿರುಗಿಸಿ ಥಟ್ಟನೆ ನಿಲ್ಲಿಸಿ. ಒಳಗಿನ ಗಾಳಿಗುಳ್ಳೆಗಳು ಮುಂದೆ ಸಾಗಿ, ಒಂದು ಕ್ಷಣ ತಡೆದು, ಬಂದ ದಾರಿಯಲ್ಲೇ ತುಸು ಹಿಂದಕ್ಕೆ ಬರುತ್ತವೆ. ನೀರಿಗೆ ರಬ್ಬರಿನ ನೆನಪು ಬಂದಿರುತ್ತದೆ.

ಪ್ಲಾಸ್ಟಿಕ್ಕಿನಂಥ ಪಾಲಿಮರ್‌ಗಳೂ ಹೀಗೇ ಸಿಕ್ಕುಹಾಕಿಕೊಳ್ಳುತ್ತವೆ. ಒಂದು ಸರಪಳಿ ಸಿಕ್ಕಿನಿಂದ ಹೊರಬರಲು ಹುತ್ತದಿಂದ ಹಾವು ಜಾರಿದಂತೆ ತನ್ನ ಉದ್ದಕ್ಕೂ ಹರಿದು ಬರಬೇಕು. ಮೈಸೆಲ್‌ಗೆ ಇನ್ನೊಂದು ದಾರಿಯಿದೆ: ನಡುವೆ ಮುರಿದು ಬೇರೊಂದರ ಜೊತೆ ಕೂಡುವುದು. ಮೈಕಲ್ ಕೇಟ್ಸ್ 1987ರಲ್ಲಿ ಈ ಎರಡು ದಾರಿಗಳನ್ನೂ ಹೆಣೆದರು. ಮುರಿದು ಕೂಡುವುದು ಹರಿದು ಬರುವುದಕ್ಕಿಂತ ತುಂಬಾ ಬೇಗ ನಡೆದರೆ, ಎಳೆತ ಸಡಿಲವಾಗುವ ಕಾಲ ಎರಡು ಕಾಲಗಳ ಗುಣಲಬ್ಧದ ವರ್ಗಮೂಲವಾಗುತ್ತದೆ. ಉದ್ದಗಿಡ್ಡ ಸರಪಳಿಗಳು ಬೆರೆತಿದ್ದರೂ ಇಡೀ ದ್ರವ ಒಂದೇ ಕಾಲದಲ್ಲಿ ಸಡಿಲವಾಗುತ್ತದೆ. ಮ್ಯಾಕ್ಸ್‌ವೆಲ್ 1867ರಲ್ಲಿ ಬರೆದಿಟ್ಟ ಅತ್ಯಂತ ಸರಳ ಮಾದರಿಗೆ ಇಷ್ಟು ನಿಖರವಾಗಿ ಹೊಂದುವ ದ್ರವ ಇನ್ನೊಂದು ಸಿಗುವುದು ಕಷ್ಟ. ಜರ್ಮನಿಯ ಬೈರಾಯ್ಟ್‌ನಲ್ಲಿ ಹಾಫ್‌ಮನ್ ಮತ್ತು ರೆಹಾಗೆ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕಾಂಡೋ ಅಳೆದು ಇದನ್ನು ದೃಢಪಡಿಸಿದರು. ಅಣುವಿನಿಂದ ಹರಿವಿಗೆ ಹೋಗುವ ಸೇತುವೆಯಲ್ಲಿ ಅತ್ಯಂತ ಗಟ್ಟಿಯಾದ ಕಮಾನು ಇದು ಎಂದು ನನ್ನ ಭಾವನೆ.

ಬಾಲ ಬದಲಿಸಿದವರು

ಬಾಲವನ್ನು 22 ಕಾರ್ಬನ್ನಿಗೆ ಉದ್ದಮಾಡಿದರೆ? ಅಷ್ಟುದ್ದದ ನೇರ ಬಾಲ ಮಾಮೂಲಿ ತಾಪದಲ್ಲಿ ನೀರಿಗೆ ಇಳಿಯದೆ ಹರಳುಗಟ್ಟುತ್ತದೆ. ಸಾಸಿವೆ ಎಣ್ಣೆಯಲ್ಲಿ ಹೇರಳವಾಗಿರುವ ಎರುಸಿಕ್ ಆಮ್ಲದ ಬಾಲಕ್ಕೆ ನಡುವೆ ಒಂದು ದ್ವಿಬಂಧವಿದ್ದು ಅಲ್ಲಿ ಅದು ಮಣಿದಿರುತ್ತದೆ. ಆ ಮಣಿತದಿಂದಲೇ ಕರಗುತ್ತದೆ. ಅದರಿಂದ ಮಾಡಿದ ಸರ್ಫ್ಯಾಕ್ಟಂಟ್‌ಗಳ ಮೈಸೆಲ್‌ಗಳು ಎಷ್ಟು ಉದ್ದವೆಂದರೆ, ಎಷ್ಟು ನಿಧಾನವಾಗಿ ಮುರಿಯುತ್ತವೆಂದರೆ, ಶ್ರೀನಿವಾಸ ರಾಘವನ್ ಮತ್ತು ಸಂಗಡಿಗರು ಅವುಗಳಲ್ಲಿ ಹರಿಯದೇ ನಿಲ್ಲುವ ಜೆಲ್‌ನಂಥ ವರ್ತನೆಯನ್ನೇ ಕಂಡರು. ತೈಲಬಾವಿಗಳಲ್ಲಿ ಬಂಡೆ ಸೀಳಲು ಮರಳನ್ನು ಹೊತ್ತೊಯ್ಯುವ ದ್ರವಗಳಿಗೆ ಇಂಥ ಅಣುಗಳು ಬಳಕೆಯಾಗುತ್ತವೆ; ಎಣ್ಣೆ ತಾಗಿದೊಡನೆ ಮೈಸೆಲ್ ಕುಸಿದು ದ್ರವ ತಾನೇ ತೆಳುವಾಗುತ್ತದೆ.

ಇನ್ನು ಕೆಲವರು ಎರಡು ಅಣುಗಳ ತಲೆಗಳನ್ನು ಸಣ್ಣ ಕೊಂಡಿಯಿಂದ ಕಟ್ಟಿದರು. 1991ರಲ್ಲಿ ಮೆಂಗರ್ ಇವಕ್ಕೆ ಜೆಮಿನಿ, ಅಂದರೆ ಅವಳಿ ಎಂದು ಹೆಸರಿಟ್ಟರು. ಹನ್ನೆರಡು ಕಾರ್ಬನ್ನಿನ ಎರಡು ಬಾಲಗಳನ್ನು ಎರಡೇ ಕಾರ್ಬನ್ನಿನ ಕೊಂಡಿಯಿಂದ ಕಟ್ಟಿದ ಅವಳಿ, ಉಪ್ಪಿಲ್ಲದೆಯೇ ಶಾವಿಗೆಯಾಗುತ್ತದೆ. ಒಂಟಿ ಅಣುವಿಗೆ ಸುಮಾರು 15 ಮಿಲಿಮೋಲಾರ್ ಇದ್ದ ಹೊಸ್ತಿಲು ಒಂದು ಮಿಲಿಮೋಲಾರ್ ಆಸುಪಾಸಿಗೆ ಇಳಿಯುತ್ತದೆ. ಕೊಂಡಿಯನ್ನು ಒಂದೆರಡು ಕಾರ್ಬನ್ ಉದ್ದ ಮಾಡಿದರೆ ಶಾವಿಗೆ ಹೋಗಿ ಮತ್ತೆ ಗೋಳ. ರಚನೆಯೇ ಎಲ್ಲ ಎನ್ನುವ ಪಂಥಕ್ಕೆ ಇದಕ್ಕಿಂತ ದೊಡ್ಡ ಬಲ ಬೇರೆ ಸಿಕ್ಕಿಲ್ಲ.

ಐದನೆಯ ಸೌಟು

ಈಗ ಹಿತ್ತಲಿಗೆ ಮರಳೋಣ. ಉಪ್ಪು ಹೆಚ್ಚಾದರೆ ಮೈಸೆಲ್ ಇನ್ನೂ ಉದ್ದವಾಗಬೇಕು, ದ್ರವ ಇನ್ನೂ ಗಟ್ಟಿಯಾಗಬೇಕು. ಆಗುವುದಿಲ್ಲ. ಶಿಖರ ಮುಟ್ಟಿ ಇಳಿಯುತ್ತದೆ. ಶಾಂಪೂ ಕಾರ್ಖಾನೆಗಳಲ್ಲಿ ಇದನ್ನು ಉಪ್ಪಿನ ರೇಖೆ ಎಂದು ಕರೆದು ಪ್ರತಿ ಪಾಕಕ್ಕೂ ಬೇರೆಯಾಗಿ ಅಳೆಯುತ್ತಾರೆ.

ಮೊದಲ ವಿವರಣೆ ನೇರವಾದದ್ದು: ಶಿಖರ ದಾಟಿದ ಮೇಲೆ ಮೈಸೆಲ್ ಮತ್ತೆ ಗಿಡ್ಡವಾಗುತ್ತದೆ. ಅಯಾನು ತಲೆಗಳ ನಡುವೆ ಕೂರುವ ಸ್ಯಾಲಿಸಿಲೇಟ್‌ನಂಥ ದ್ರವಗಳಲ್ಲಿ, ಅಯಾನು ಅಗತ್ಯಕ್ಕಿಂತ ಹೆಚ್ಚು ಕೂತು ಮೇಲ್ಮೈಯ ಆವೇಶವನ್ನೇ ತಿರುಗಿಸುತ್ತದೆ ಎಂಬ ವಾದಕ್ಕೆ ಆಧಾರವಿದೆ. ಎರಡನೆಯದು ಕವಲಿನ ವಾದ. ಉಪ್ಪು ಹೆಚ್ಚಿದಂತೆ ತುದಿಗಳು ದುಬಾರಿಯಾಗುತ್ತವೆ, ಕವಲುಗಳು ಅಗ್ಗವಾಗುತ್ತವೆ. ತುದಿ ತನ್ನನ್ನು ಮುಚ್ಚಿಕೊಳ್ಳುವ ಬದಲು ಪಕ್ಕದ ಮೈಸೆಲ್ಲಿನ ಮೈಗೆ ಬೆಸೆದುಕೊಳ್ಳುತ್ತದೆ. ಕವಲೊಡೆದ ಬಲೆ ಗಟ್ಟಿಯಾಗಬೇಕಲ್ಲವೇ? ಪಾಲಿಮರ್‌ನಲ್ಲಾದರೆ ಹೌದು. ಮೈಸೆಲ್ಲಿನ ಮೈ ದ್ರವದಂಥದು. ಅದರ ಕವಲು ಜಾರುಗಂಟಿನಂತೆ ಸರಪಳಿಯುದ್ದಕ್ಕೂ ಸರಿಯುತ್ತದೆ. ಎಳೆತ ಬಂದಾಗ ಗಂಟು ಸರಿದು ಎಳೆತವನ್ನು ಬಿಟ್ಟುಕೊಡುತ್ತದೆ. 1992ರ ಹೊತ್ತಿಗೆ ಲೆಕೂ ಹಾಗೂ ಡ್ರೈ ಮತ್ತು ಕೇಟ್ಸ್ ಈ ಲೆಕ್ಕ ಮುಂದಿಟ್ಟರು. ಮುಂದೆ ಇಸ್ರೇಲಿನ ಡ್ಯಾನಿನೊ, ಟಾಲ್ಮನ್ ಮೊದಲಾದವರು ದ್ರಾವಣವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕವಲುಗಳನ್ನೇ ತೋರಿಸಿದರು. ಕವಲುಗಳಿವೆ ಎಂಬುದು ಸಿದ್ಧವಾಯಿತು. ಸ್ನಿಗ್ಧತೆ ಇಳಿಯಲು ಅವೇ ಕಾರಣವೇ ಎಂಬುದು ಬೇರೆ ಪ್ರಶ್ನೆ. ಚಿತ್ರ ತೆಗೆಯುವಾಗ ದ್ರವವನ್ನು ತೆಳು ಪೊರೆಯಾಗಿ ಎಳೆಯುತ್ತಾರೆ, ಆ ಎಳೆತವೂ ಆಕಾರವನ್ನು ಕದಡಬಲ್ಲದು.

ಹರಿವು ತಾನೇ ಒಡೆದುಕೊಳ್ಳುವಾಗ

ಇದುವರೆಗಿನದು ಮೆಲ್ಲನೆ ಹರಿಯುವ ದ್ರವದ ಮಾತು. ವೇಗ ಹೆಚ್ಚಿಸಿದರೆ ಹರಿವೇ ರಚನೆಯನ್ನು ಬದಲಿಸುತ್ತದೆ. ಒಂದು ಹಂತದಲ್ಲಿ ದ್ರವ ಎರಡು ಪಟ್ಟಿಗಳಾಗಿ ಸೀಳುತ್ತದೆ: ಒಂದು ನಿಧಾನವಾಗಿ, ಇನ್ನೊಂದು ಬಹಳ ವೇಗವಾಗಿ ಜಾರುತ್ತದೆ. ತಿರುಗಿಸುವ ವೇಗವನ್ನು ಒಂದು ಮಿತಿಯವರೆಗೆ ಏರಿಸಿದರೂ ವೇಗದ ಪಟ್ಟಿ ಅಗಲವಾಗುತ್ತದೆಯೇ ಹೊರತು ಬೇಕಾದ ಬಲ ಅಷ್ಟಾಗಿ ಏರುವುದಿಲ್ಲ. ಸ್ಪೆನ್ಲಿ, ಕೇಟ್ಸ್, ಮ್ಯಾಕ್‌ಲೀಷ್ 1993ರಲ್ಲಿ ಇದನ್ನು ಯಾಂತ್ರಿಕ ಅಸ್ಥಿರತೆಯೆಂದು ವಿವರಿಸಿದರು. ವೇಗದ ಪಟ್ಟಿಯಲ್ಲಿ ಮೈಸೆಲ್‌ಗಳು ಸಾಲಾಗಿ ನಿಂತು ಬೇರೆಯೇ ಹಂತಕ್ಕೆ ಬದಲಾಗುತ್ತವೆ ಎನ್ನುವವರು ಇನ್ನೊಂದು ಬಣ. ನ್ಯೂಜಿಲೆಂಡಿನ ಪಾಲ್ ಕ್ಯಾಲಹನ್ ತಂಡ ಆಸ್ಪತ್ರೆಯ ಎಂಆರ್‌ಐ ತತ್ವದಲ್ಲೇ ಪಟ್ಟಿಗಳ ವೇಗವನ್ನು ಅಳೆದಾಗ, ಪಟ್ಟಿಗಳು ನಿಜವೆಂದೂ ಅವು ಅಲುಗುತ್ತವೆಂದೂ ತಿಳಿಯಿತು.

ಅಲುಗಾಟದ ಕಥೆ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ರಂಜಿನಿ ಬಂದ್ಯೋಪಾಧ್ಯಾಯ, ಗೀತಾ ಬಸಪ್ಪ ಮತ್ತು ಎ. ಕೆ. ಸೂದ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಟಿಎಟಿ ಎಂಬ ಸರ್ಫ್ಯಾಕ್ಟಂಟಿನ ತೆಳು ದ್ರಾವಣವನ್ನು ಒಂದೇ ವೇಗದಲ್ಲಿ ತಿರುಗಿಸುತ್ತ ಇಟ್ಟರು. ಬೇಕಾಗುವ ಬಲ ಒಂದು ಬೆಲೆಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಏರುತ್ತ ಇಳಿಯುತ್ತ ಹೊಯ್ದಾಡಿತು. ಆ ಹೊಯ್ದಾಟ ಬರಿಯ ಗದ್ದಲವಲ್ಲ, ನಿಯಮಬದ್ಧ ಅವ್ಯವಸ್ಥೆ ಎಂದು ಗಣಿತದ ಪರೀಕ್ಷೆಗಳಿಂದ ತೋರಿಸಿದರು. ನೀರಿನ ಸುಳಿಯಲ್ಲಿ ಅವ್ಯವಸ್ಥೆ ಬರುವುದು ವೇಗದ ಜಡತ್ವದಿಂದ. ಇಲ್ಲಿ ಹರಿವು ಅಷ್ಟು ನಿಧಾನವಾದ್ದರಿಂದ ಜಡತ್ವಕ್ಕೆ ಪಾತ್ರವೇ ಇಲ್ಲ. ಮುಂದೆ ಅದೇ ಸಂಸ್ಥೆಯಲ್ಲಿ ಶ್ರೀರಾಮ್ ರಾಮಸ್ವಾಮಿ, ಚಂದನ್ ದಾಸ್‌ಗುಪ್ತ ಮತ್ತು ಸಂಗಡಿಗರು ಸಿದ್ಧಾಂತ ಕಟ್ಟಿದರು. ರಾಜೇಶ್ ಗಣಪತಿ ಮತ್ತು ಸೂದ್ 2006ರಲ್ಲಿ ಹರಿವಿಗೂ ಸಾಂದ್ರತೆಗೂ ಇರುವ ಕೊಂಡಿಯ ಮೂಲಕ ಅವ್ಯವಸ್ಥೆಗೆ ಹೋಗುವ ದಾರಿಯನ್ನು ತೋರಿಸಿದರು. ಫ್ರಾನ್ಸಿನ ಫಾರ್ಡಾನ್, ಲೆರೂಜ್ ತಂಡ 2010ರ ಹೊತ್ತಿಗೆ ಬೇರೆ ಉತ್ತರ ಕೊಟ್ಟಿತು: ವೇಗದ ಪಟ್ಟಿಯೊಳಗೆ ಎಳೆತದಿಂದಲೇ ಸುಳಿಗಳೇಳುತ್ತವೆ, ಅವ್ಯವಸ್ಥೆ ಅಲ್ಲಿಂದ ಬರುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಅವ್ಯವಸ್ಥೆಗೆ ಸಿಕ್ಕ ಈ ಎರಡು ಉತ್ತರಗಳಲ್ಲಿ ಯಾವುದು ಯಾವ ದ್ರವಕ್ಕೆ ಸಲ್ಲುತ್ತದೆ ಎಂಬುದು ತೀರ್ಮಾನವಾಗಿಲ್ಲ. ಒಂದೇ ದ್ರವದಲ್ಲಿ ಎರಡೂ ಇರಬಹುದು. ಯಾವ ಅಣುರಚನೆ ಪಟ್ಟಿಗಳನ್ನು ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದಕ್ಕೆ ನಿಯಮವಿಲ್ಲ.

ಉಪ್ಪಿನ ಶಿಖರದ ವಾದದಲ್ಲಿ ಕವಲಿನ ಬಣದ ಕೈ ಮೇಲಿದೆ ಎನಿಸಿದರೂ, ಒಂದು ದ್ರವದಲ್ಲಿ ಎಷ್ಟು ಕವಲುಗಳಿವೆ ಎಂದು ಎಣಿಸಿ, ಆ ಎಣಿಕೆಯಿಂದ ಸ್ನಿಗ್ಧತೆಯನ್ನು ಲೆಕ್ಕಹಾಕಿ, ಅಳತೆಗೆ ಹೊಂದಿಸಿ ತೋರಿಸುವ ಸರ್ವಸಮ್ಮತ ವಿಧಾನವಿಲ್ಲ. ಗಿಡ್ಡವಾದ ಮೈಸೆಲ್ ಮತ್ತು ಕವಲೊಡೆದ ಮೈಸೆಲ್ ಎರಡೂ ಹರಿವಿನ ಮಾಪಕದಲ್ಲಿ ಬಹುತೇಕ ಒಂದೇ ರೀತಿ ಕಾಣುತ್ತವೆ.

ಎಲ್ಲಕ್ಕಿಂತ ಕಠಿಣವಾದದ್ದು ಕಾಲದ ಅಂತರ. ಅಣುವೊಂದು ಮೈಸೆಲ್ಲಿನಿಂದ ಹೊರಬಂದು ಮತ್ತೆ ಸೇರುವುದು ಮೈಕ್ರೋಸೆಕೆಂಡುಗಳಲ್ಲಿ. ಶಾವಿಗೆ ಮುರಿದು ಕೂಡುವುದು ಮಿಲಿಸೆಕೆಂಡಿನಿಂದ ಸೆಕೆಂಡುಗಳವರೆಗೆ. ಎರುಸಿಕ್ ಬಾಲದಂಥವುಗಳಲ್ಲಿ ಇನ್ನೂ ದೀರ್ಘ. ಪರಮಾಣು ಪರಮಾಣುವಾಗಿ ಕಂಪ್ಯೂಟರಿನಲ್ಲಿ ಅನುಕರಿಸುವವರು ಮೈಕ್ರೋಸೆಕೆಂಡುಗಳ ಆಸುಪಾಸಿನಲ್ಲೇ ನಿಲ್ಲುತ್ತಾರೆ. ಹಲವು ಪರಮಾಣುಗಳನ್ನು ಒಂದು ಮಣಿಯೆಂದು ಎಣಿಸುವವರು ಮುಂದೆ ಸಾಗುತ್ತಾರೆ, ಆದರೆ ಸ್ಯಾಲಿಸಿಲೇಟ್ ಉಂಗುರದ ಮೇಲೆ ಒಂದು ಗುಂಪು ಪಕ್ಕದಲ್ಲಿದೆಯೋ ಎದುರಿನಲ್ಲಿದೆಯೋ ಎಂಬಂಥ ಸೂಕ್ಷ್ಮ ಅಲ್ಲಿ ಸುಲಭವಾಗಿ ಅಳಿಸಿಹೋಗುತ್ತದೆ. ತುದಿಯ ವೆಚ್ಚವನ್ನು ಅಣುರಚನೆಯಿಂದ ನೇರವಾಗಿ ಲೆಕ್ಕಹಾಕುವಾಗ ಸಣ್ಣ ತಪ್ಪಾದರೂ, ಘಾತೀಯ ಲೆಕ್ಕದಿಂದಾಗಿ ಉದ್ದದಲ್ಲಿ ಹತ್ತಾರು ಪಟ್ಟು ತಪ್ಪಾಗುತ್ತದೆ. ಮಾರುಕಟ್ಟೆಯ ಎಸ್‌ಎಲ್‌ಇಎಸ್ ಒಂದೇ ಅಣುವೂ ಅಲ್ಲ, ಬೇರೆ ಬೇರೆ ಉದ್ದದ ಬಾಲ, ತಲೆಗೂ ಬಾಲಕ್ಕೂ ನಡುವೆ ಬೇರೆ ಬೇರೆ ಉದ್ದದ ಕುತ್ತಿಗೆಗಳಿರುವ ಅಣುಗಳ ಮಿಶ್ರಣ. ಆ ಹಿತ್ತಲಿನ ಹಿರಿಯಾಕೆ ಹೊಸ ಡಬ್ಬಿಯ ಪೇಸ್ಟ್ ತಂದಾಗಲೆಲ್ಲ ಮೊದಲು ಒಂದು ಲೋಟದಲ್ಲಿ ಕರಗಿಸಿ, ಉಪ್ಪಿನ ನೀರನ್ನು ಚಮಚದಲ್ಲಿ ಹಾಕಿ ನೋಡುತ್ತಾರೆ. ಪ್ರಯೋಗಶಾಲೆಗಳಲ್ಲೂ ಸದ್ಯಕ್ಕೆ ನಡೆಯುವುದು ಹೆಚ್ಚುಕಡಿಮೆ ಅದೇ.